ಮುಖಕ್ಕೆ ಸುತ್ತಿದ ಟವೆಲ್

ಶಹಾಪುರದ ಖಾಸಗಿ ಶಾಲೆ ಮುಚ್ಚಿ ನನ್ನ ಮಾಸ್ತರಿಕೆ ಹೋಯಿತು. ಬೇರೆಲ್ಲೂ ಕೆಲಸ ಸಿಗದೆ ಮನೆಯಲ್ಲಿ ಕೂತಿದ್ದಾಗ ಹೆಂಡತಿ ಹೇಳಿದಳು, "ನಮ್ಮೂರ ಕಾಲುವ್ಯಾಗ ಉದ್ಯೋಗ ಖಾತ್ರಿ ಕೆಲಸ ಶುರು ಆಗ್ಯಾದಂತ, ಹೋಗ್ರಿ. ಕೆಲಸ ಇಲ್ಲದವ್ರಿಗಿ ಅಂತನೇ ಸರಕಾರ ಕೊಡ್ತಾದ."

ಮಾತು ನಿಜ. ಆದರೆ ಊರಿನ ಚಹಾದಂಗಡಿಯಲ್ಲಿ ಖಾತ್ರಿ ಕೂಲಿಗೆ ಪುಕ್ಕಟೆ ರೊಕ್ಕ ಅನ್ನುತ್ತಿದ್ದರು. ಉರಿಬಿಸಿಲಲ್ಲಿ ಕಾಲುವೆಯ ಹೂಳು ಎತ್ತುವುದು ಹೇಗೆ ಪುಕ್ಕಟೆಯೋ, ನೆರಳಲ್ಲಿ ಕಾಲು ಚಾಚಿ ಕೂತ ಆ ಪುಣ್ಯಾತ್ಮರನ್ನೇ ಕೇಳಬೇಕು. ಬೈದುಕೊಂಡೆನಾದರೂ ಅವರ ಬಾಯಿಗೆ ಹೆದರಿದ್ದೂ ಖರೆ. ಮಾಸ್ತರ ಖಾತ್ರಿಗೆ ಬಂದ ಅಂತಾದರೆ ನಾಳೆ ಮತ್ತೆ ಮಾಸ್ತರಿಕೆ ಸಿಕ್ಕರೆ ಯಾವ ಮುಖ ಇಟ್ಟುಕೊಂಡು ಇವರ ಮಕ್ಕಳಿಗೆ ಪಾಠ ಹೇಳಲಿ?

ಅದಕ್ಕೇ ಮುಖ ಮುಚ್ಚಿಕೊಂಡು ಹೋದೆ. ಧೂಳಿಗೆಂದು ಹೆಣ್ಣುಮಕ್ಕಳು ಸೆರಗು ಕಟ್ಟಿಕೊಳ್ಳುತ್ತಿದ್ದರು, ನಾನು ಕಣ್ಣಷ್ಟೇ ಬಿಟ್ಟು ಟವೆಲ್ ಸುತ್ತಿದೆ. ಹಾಜರಿ ಹಿಡಿಯುವಾಕೆಗೆ ಮಾತ್ರ ಮೆಲ್ಲಗೆ ಹೆಸರು ಹೇಳಿದೆ. ಆಮೇಲೆ ತುಟಿ ಬಿಚ್ಚಲಿಲ್ಲ. ನನ್ನ ಜೋಡಿಯಾಗಿ ಬುಟ್ಟಿ ಎತ್ತುತ್ತಿದ್ದ ಮುದುಕಿಯೂ ಏನೂ ಕೇಳಲಿಲ್ಲ. ಗುರುತು ಸಿಕ್ಕಿಲ್ಲವೆಂದು ಒಳಗೊಳಗೇ ಬೀಗಿದೆ.

ಹಾಜರಿಗೆ ಮೊಬೈಲಿನಲ್ಲಿ ಎಲ್ಲರ ಫೋಟೋ ತೆಗೆಯುತ್ತಿದ್ದರು. ಕೆಲವು ದಿನ ಬೇರೆಯವರ ಬೆನ್ನ ಹಿಂದೆ ನಿಂತು ಪಾರಾದೆ. ಒಂದು ಬೆಳಿಗ್ಗೆ ಹಾಜರಿಯಾಕೆ, "ಮ್ಯಾಲಿಂದ ಹೇಳ್ಯಾರ. ಮಕ ಕಾಣಲಿಲ್ಲಂದ್ರ ಹಾಜರಿ ಇಲ್ಲ, ಬಟ್ಟಿ ತಗೀರಿ ಎಲ್ಲಾರೂ" ಅಂದಳು.

ಸೆರಗುಗಳು ಇಳಿದವು. ನನ್ನ ಕೈ ಮೇಲೇಳಲಿಲ್ಲ. ಬುಟ್ಟಿ ಅಲ್ಲೇ ಬಿಟ್ಟು ಮನೆಗೆ ಹೋಗಿಬಿಡೋಣ ಅನ್ನಿಸಿತು.

ಮುದುಕಿ ನನ್ನತ್ತ ನೋಡದೆಯೇ ಅಂದಳು, "ತಗೀರಿ ಮಾಸ್ತರ. ನಮಗೆಲ್ಲಾ ಮದಲನೇ ದಿನಾನೇ ಗೊತ್ತಾಗ್ಯಾದ."

"ಹ್ಯಾಂಗ?"

"ದಂಡಿ ಮ್ಯಾಲ ಚಪ್ಪಲಿ ಜೋಡಿಸಿಟ್ಟು ಕಾಲುವಿಗಿ ಇಳಿಯೋರು ಮತ್ಯಾರದಾರ? ಮೊಮ್ಮಗಳನ್ನ ನಿಮ್ಮ ಸಾಲಿಗಿ ಬಿಡಾಕ ಬರ್ತಿದ್ದೆ. ವರ್ಗದ ಬಾಗಲದಾಗ ಹಿಂಗೇ ಬಿಡ್ತಿದ್ರಿ. ನಿಮಗ ನಾಚಿಕಿ ಆಗ್ತಾದಂತ ಯಾರೂ ಮಾತಾಡ್ಸಿಲ್ಲ, ಅಷ್ಟೇ."

ಇಷ್ಟು ದಿನ ನನ್ನನ್ನು ಮುಚ್ಚಿಟ್ಟದ್ದು ಟವೆಲ್ ಅಲ್ಲ, ಇವರು. ಟವೆಲ್ ಬಿಚ್ಚಿದೆ. ಒಬ್ಬರೂ ನನ್ನ ಕಡೆ ತಿರುಗಲಿಲ್ಲ. ಎಲ್ಲರೂ ಮೊಬೈಲನ್ನೇ ನೋಡುತ್ತಾ ನಿಂತಿದ್ದರು.

ಫೋಟೋ ಆದ ಮೇಲೆ ಮುದುಕಿ ಬುಟ್ಟಿಗೆ ಕೈ ಹಾಕಿದಳು. "ನಾಳಿಂದ ಚಪ್ಪಲಿ ಹಾಕ್ಕೊಂಡೇ ಇಳೀರಿ. ಹೂಳಿನ್ಯಾಗ ಮುಳ್ಳು ಭಾಳ ಅವ."