ಹಾಲಿಗೆ ಬೆರೆಸಿದ ಗುಳಿಗೆ

ಮಟಕಿ ಗ್ರಾಮದ ಬಸವಂತರಾಯ ಭೂಸನೂರಿನ ಕಾರ್ಖಾನೆಗೆ ಕಬ್ಬು ಕಳಿಸುವ ರೈತ. ವಯಸ್ಸು ಐವತ್ತೆರಡು. ಊರಲ್ಲಿ ಗಂಡ ಹೆಂಡಿರ ಜಗಳ ಎದ್ದರೆ ಬುದ್ಧಿ ಹೇಳಲು ಇವನನ್ನೇ ಕರೆಯುತ್ತಿದ್ದರು. ಅಂಥವನು ಟ್ರ್ಯಾಕ್ಟರಿನ ಸಾಮಾನು ತರಲು ಸೊಲ್ಲಾಪುರಕ್ಕೆ ಹೋದಾಗ ಕಾಲು ಜಾರಿದ. ವಾರದೊಳಗೆ ಉಚ್ಚೆ ಹೊಯ್ದರೆ ಖಾರ ಹಚ್ಚಿದಂಥ ಉರಿ, ಮೇಲೆ ಕೀವು. ಇಷ್ಟಲಿಂಗವನ್ನು ಅಂಗೈಗೆ ತೆಗೆದುಕೊಳ್ಳಲು ನಾಚಿಕೆಯಾಗಿ ಪೂಜೆಯನ್ನೇ ಬಿಟ್ಟ.

ಆಳಂದದ ದವಾಖಾನೆಗೆ ಹೋಗೋಣವೆಂದರೆ ಅಲ್ಲಿ ಕಸ ಹೊಡೆಯುವವಳಿಗೂ ಇವನ ಗುರುತು. ರೋಗಕ್ಕಿಂತ ಮಾನವೇ ದೊಡ್ಡದಾಯಿತು. ಎರಡು ಬಸ್ಸು ಬದಲಿಸಿ ಜೇವರ್ಗಿಗೆ ಹೋಗಿ, ಗುರುತಿಲ್ಲದ ಔಷಧಿ ಅಂಗಡಿಯಲ್ಲಿ ತಲೆ ತಗ್ಗಿಸಿ ನಿಂತು ಹತ್ತು ಗುಳಿಗೆ ತಂದ. "ಹತ್ತೂ ನುಂಗ್ರಿ, ನಡುವ ಬಿಡಬ್ಯಾಡ್ರಿ" ಎಂದಿದ್ದ ಅಂಗಡಿಯವ.

ಆದರೆ ಹೆಂಡತಿ ಹೀರಾಬಾಯಿಗೂ ತಗುಲಿದ್ದರೆ? ಅವಳಿಗೆ ಹೇಳಲು ಬಾಯಿ ಬರಲಿಲ್ಲ, ಮತ್ತೆ ಅಂಗಡಿಗೆ ಹೋಗಲು ಮುಖವಿರಲಿಲ್ಲ. ಐದು ತಾನು ನುಂಗಿದ. ಉಳಿದ ಐದನ್ನು ಪುಡಿಮಾಡಿ, ದಿನಕ್ಕೊಂದರಂತೆ ಹಾಲಿಗೆ ಬೆರೆಸಿ ಅವಳಿಗೆ ಕೊಟ್ಟ. ಕಣ್ಣು ಮುಚ್ಚಿ ಹಾಲು ಕುಡಿಯುವ ಬೆಕ್ಕನ್ನು ಎಲ್ಲರೂ ಬಲ್ಲರು, ಕಣ್ಣು ಮುಚ್ಚಿ ಹಾಲು ಕುಡಿಸುವ ಬೆಕ್ಕು ಇವನೊಬ್ಬನೇ. ಉರಿ ನಿಂತಿತು. ತಿಂಗಳಿಗೆ ಮರಳಿ ಬಂತು. ಈ ಸಲ ಅಫಜಲಪುರದ ಅಂಗಡಿ, ಬೇರೆ ಗುಳಿಗೆ, ಅದೇ ಐದೈದು ಪಾಲು. ಮೂರನೆಯ ಸಲ ಯಾವ ಗುಳಿಗೆಗೂ ಅದು ಜಗ್ಗಲಿಲ್ಲ. ಹೀರಾಬಾಯಿ ಕಿಬ್ಬೊಟ್ಟೆ ಹಿಡಿದುಕೊಂಡು ನೆಲಕ್ಕೆ ಬಿದ್ದಳು.

ಕಲಬುರಗಿಯ ಡಾಕ್ಟರ್ ಅಮಿತಾ ಪರೀಕ್ಷೆ ಮಾಡಿಸಿ ಇಬ್ಬರನ್ನೂ ಎದುರು ಕೂರಿಸಿಕೊಂಡಳು. "ಇದು ಗಂಡ ಹೆಂಡ್ತಿ ಕೂಡೋದ್ರಿಂದ ಹಬ್ಬೋ ರೋಗ, ಹೊಟ್ಟಿಯೊಳಗ ಏರ್ಯಾದ. ಅರ್ಧಂಬರ್ಧ ಔಷಧ ಕೊಟ್ರ ಇದು ಸಾಯಂಗಿಲ್ಲ, ಗಟ್ಟಿ ಆಗ್ತದ. ಮೊದಲ ಏನೇನ್ ತಗೊಂಡೀರಿ, ಖರೇ ಹೇಳ್ರಿ. ಅದನ್ನ ನೋಡೇ ಇಂಜೆಕ್ಷನ್ ಬರೀಬೇಕು. ತಪ್ಪಿದ್ರ ಇವರ ಜೀವಕ್ಕ ಬರ್ತದ."

"ನಾ ಒಂದು ಗುಳಿಗೀನೂ ನುಂಗಿಲ್ರಿ ಮೇಡಂ" ಎಂದಳು ಹೀರಾಬಾಯಿ.

ಭೂಮಿ ಬಾಯಿ ಬಿಡಬಾರದೇ ಅನಿಸಿತು ಬಸವಂತರಾಯನಿಗೆ. ಸುಮ್ಮನಿದ್ದರೆ ಮಾನ ಉಳಿಯುತ್ತದೆ, ಇವಳು ಉಳಿಯುವುದಿಲ್ಲ. ನೆಲ ನೋಡುತ್ತ ಎಲ್ಲ ಹೇಳಿದ: ಸೊಲ್ಲಾಪುರ, ಸುತ್ತಿದ ಅಂಗಡಿಗಳು, ಐದೈದು ಪಾಲು, ಹಾಲು. ಡಾಕ್ಟರ್ ಬರೆದುಕೊಂಡಳು.

ಹೀರಾಬಾಯಿ ಗಂಡನ ಕಡೆ ತಿರುಗಿದಳು.

"ಹಾಲು ಕಹಿ ಇತ್ರಿ" ಎಂದಳು. "ಮೂವತ್ತು ವರ್ಷದಾಗ ಮೊದಲ ಸಲ ನೀವು ಕೈಯಾರೆ ತಂದು ಕೊಟ್ಟಿದ್ರಿ. ಅದಕ್ಕ ಒಂದು ಹನಿ ಬಿಡಲಾರದ ಕುಡದೆ. ನೀವು ಹಾಲು ಕುಡಸ್ತೀರಂತ ಆವಾಗ ಓಣಿ ತುಂಬ ಹೇಳ್ಕೊಂಡು ಅಡ್ಡಾಡೇನಿ."