ಅರ್ಧ ನಿಮಿಷ ತಡವಾಗಿ ಬಂದ ಚೆಂಡು

ಮೊನ್ನೆ ಬಸ್ಸಿನಲ್ಲಿ ಕಳಸಕ್ಕೆ ಹೋಗುವಾಗ ರಸ್ತೆ ಬದಿಯ ಅಂಗಳವೊಂದರಲ್ಲಿ ಹಳೆಯ ಡಿಶ್ ಆಂಟೆನಾ ಅಂಗಾತ ಮಲಗಿತ್ತು. ಮನೆಯವರು ಅದರ ತುಂಬ ಕಾಳುಮೆಣಸು ಹರಡಿ ಒಣಗಲು ಬಿಟ್ಟಿದ್ದರು. ನಾನೊಬ್ಬನೇ ನಕ್ಕೆ. ಪಕ್ಕದಲ್ಲಿ ಕೂತವರು ಅನುಮಾನದಿಂದ ನೋಡಿ ಸ್ವಲ್ಪ ಸರಿದರು. ಅವರಿಗೆ ಹೇಳಲಾಗದ್ದನ್ನು ನಿಮಗೆ ಹೇಳುತ್ತೇನೆ. ನಿಮಗೆ ಇಳಿಯುವ ಅವಸರವಿಲ್ಲವಲ್ಲ.

ಬಣಕಲ್‌ನಲ್ಲಿ ನಮ್ಮ ಮನೆಯ ಎದುರಿಗೇ ಇಬ್ರಾಹಿಮಣ್ಣನ ಮನೆ. ನಡುವೆ ಒಂದು ಜೀಪು ಹೋಗುವಷ್ಟು ಓಣಿ. ಸುತ್ತಲಿನ ಎಸ್ಟೇಟ್ ಬಂಗಲೆಗಳಿಂದ ಹಿಡಿದು ಕೂಲಿ ಲೈನಿನ ಮನೆಗಳವರೆಗೆ ಡಿಶ್ ಕೂರಿಸಿದವರು ಅವರೇ. ಹಂಚಿನ ಮೇಲೆ ಕುಕ್ಕರಗಾಲಲ್ಲಿ ಕೂತು, ತಟ್ಟೆಯ ಮುಖವನ್ನು ಆಕಾಶದ ಯಾವುದೋ ಮೂಲೆಗೆ ತಿರುಗಿಸಿ, "ಈಗ ಬಂತಾ?" ಎಂದು ಕೆಳಗಿನವರನ್ನು ಕೇಳುವ ಅವರ ದನಿ ನಮ್ಮ ಭಾಗದವರಿಗೆಲ್ಲ ಗೊತ್ತು. ನಮ್ಮ ಮನೆಯ ಡಿಶ್ಶೂ ಅವರದೇ ಕೈಯದು.

ಎರಡು ವರ್ಷದ ಹಿಂದೆ ಊರಿಗೆ ಫೈಬರ್ ಇಂಟರ್ನೆಟ್ ಬಂತು. ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುವ ನಾನು ಹೊಸದನ್ನು ಮೊದಲು ಹಾಕಿಸಿಕೊಳ್ಳದಿದ್ದರೆ ಹೇಗೆ? ಗೋಡೆ ತುಂಬುವ ಟಿವಿ ತಂದೆ. ಹಳೆಯ ಡಿಶ್ ಇಳಿಸಿಕೊಡಿ ಎಂದು ಇಬ್ರಾಹಿಮಣ್ಣನನ್ನೇ ಕರೆದೆ. ಕೂರಿಸಿದವರ ಕೈಯಲ್ಲೇ ಇಳಿಸುವುದು ಸರಿಯಲ್ಲವೆಂದು ನನಗೆ ಹೊಳೆಯಲೇ ಇಲ್ಲ. ಅವರು ಬೋಲ್ಟ್ ಬಿಚ್ಚಿ, ಕೈ ಒರೆಸಿಕೊಂಡು ಹೋದರು.

ಅಲ್ಲಿಂದ ನಮ್ಮಿಬ್ಬರ ವಾದ ಶುರುವಾಯಿತು. ಬೆಳಿಗ್ಗೆ ಹಾಲಿನ ಡೈರಿಯ ಹತ್ತಿರ ಸಿಕ್ಕರೂ ಅದೇ. ಚಾನೆಲ್ಲುಗಳ ಕಾಲ ಮುಗಿಯಿತು, ಬೇಕಾದ್ದನ್ನು ಬೇಕಾದಾಗ ನೋಡುವುದೇ ಮುಂದಿನ ದಾರಿ ಎಂದು ನಾನು ತರಗತಿಯ ದನಿಯಲ್ಲಿ ಹೇಳುತ್ತಿದ್ದೆ.

"ಬೇಕಾದಾಗ ನೋಡ್ಬೋದು, ಸರಿ ಮೇಷ್ಟ್ರೇ," ಎಂದರು ಒಮ್ಮೆ. "ಯಾರ ಜೊತೆ ನೋಡೋದು ಮಾರಾಯ್ರೇ?"

ಮೇಷ್ಟ್ರುಗಳಿಗೆ ಉತ್ತರ ಸಿಗದಿದ್ದಾಗ ದನಿ ಏರುತ್ತದೆ, ನನ್ನದೂ ಏರಿತು. ಆಮೇಲೊಂದು ದಿನ ಅವರ ಹೆಂಡತಿ ಜೊಹರಕ್ಕ ನನ್ನ ಹೆಂಡತಿಯ ಹತ್ತಿರ ಹೇಳಿಕೊಂಡರಂತೆ: ಡಿಶ್ ಕೆಲಸ ಬರುವುದೇ ಅಪರೂಪವಾಗಿದೆ, ಫೈಬರ್ ಎಳೆಯುವ ಕಂಟ್ರಾಕ್ಟರ್ ಎರಡು ಸಲ ಕರೆದರೂ ಇವರು ಹಟ ಹಿಡಿದು ಹೋಗುತ್ತಿಲ್ಲ. ಅದನ್ನು ಕೇಳಿದ ಮೇಲೆ ವಾದ ಗೆಲ್ಲುವ ನನ್ನ ಹುಮ್ಮಸ್ಸು ಅರ್ಧ ಇಳಿಯಿತು. ಇನ್ನರ್ಧ ಉಳಿದಿತ್ತೆಂದು ನಾಚಿಕೆಯಿಂದಲೇ ಒಪ್ಪಿಕೊಳ್ಳುತ್ತೇನೆ.

ಆಗ ಬಂತು ಆ ಕ್ರಿಕೆಟ್ ಫೈನಲ್, ಒಂದು ಭಾನುವಾರ ಮಧ್ಯಾಹ್ನ. ಓಣಿಯವರನ್ನೆಲ್ಲ ನಮ್ಮ ಮನೆಗೆ ಕರೆದೆ. ಎದುರು ಮನೆಯವರು ಮಾತ್ರ ಬರಲಿಲ್ಲ. ಹಲಸಿನ ಚಿಪ್ಸ್, ಕಾಫಿ, ದೊಡ್ಡ ಪರದೆ. ಮೊದಲ ಓವರಿನಲ್ಲೇ ನನ್ನ ಮಾನ ಹೋಯಿತು. ನಮ್ಮ ಬೌಲರ್ ಇನ್ನೂ ಚೆಂಡನ್ನು ಪ್ಯಾಂಟಿಗೆ ಉಜ್ಜುತ್ತಿದ್ದ. ಎದುರು ಮನೆಯಲ್ಲಿ ಚಪ್ಪಾಳೆ ಬಿತ್ತು. ಅರ್ಧ ನಿಮಿಷ ಕಳೆದ ಮೇಲೆ ನಮ್ಮಲ್ಲಿ ವಿಕೆಟ್ ಬಿತ್ತು. ಇಂಟರ್ನೆಟ್ಟಿನಲ್ಲಿ ಬರುವ ಆಟ ಡಿಶ್ಶಿಗಿಂತ ಅಷ್ಟು ಹಿಂದೆ ಇರುತ್ತದೆಂದು ವಿಜ್ಞಾನದ ಮೇಷ್ಟ್ರಿಗೇ ತಿಳಿದಿರಲಿಲ್ಲ. ನೀರು ಕುಡಿದು ಬರುತ್ತೇನೆ, ಫೋನ್ ಬಂತು ಎಂದು ಒಬ್ಬೊಬ್ಬರೇ ಎದ್ದು ಎದುರು ಮನೆ ಸೇರಿದರು. ಕೊನೆಗೆ ನನ್ನ ಹೆಂಡತಿಯೂ ಚಿಪ್ಸ್ ಡಬ್ಬಿ ಹಿಡಿದು ಹೊರಟಳು. ಖಾಲಿ ಕುರ್ಚಿಗಳ ನಡುವೆ ಎಷ್ಟು ಹೊತ್ತು ಕೂರಲಿ? ಟಿವಿ ಆರಿಸುವುದನ್ನೂ ಮರೆತು ನಾನೂ ಹೋದೆ. ಇಬ್ರಾಹಿಮಣ್ಣ ಗೆದ್ದೆನೆಂಬಂತೆ ನೋಡಲಿಲ್ಲ. ಚಾಪೆಯ ಮೇಲೆ ಸರಿದು ಜಾಗ ಕೊಟ್ಟರು.

ಕೊನೆಯ ಓವರಿನ ಕೊನೆಯ ಚೆಂಡು. ಗೆಲ್ಲಲು ಮೂರು ರನ್. ದೇವರಮನೆ ಗುಡ್ಡದ ಕಡೆಯಿಂದ ಬಂದ ಮೋಡ ಓಣಿಯನ್ನೇ ಕತ್ತಲು ಮಾಡಿತ್ತು. ಬೌಲರ್ ಓಡತೊಡಗಿದ, ಚಿತ್ರ ಚೂರುಚೂರಾಗಿ ನಿಂತೇಹೋಯಿತು. ಸಿಗ್ನಲ್ ಇಲ್ಲವೆಂಬ ಒಂದು ಸಾಲು ಮಾತ್ರ ಉಳಿಯಿತು. ಇಬ್ರಾಹಿಮಣ್ಣ ಎದ್ದು ಮಾಡಿನ ಕಡೆ ನೋಡಿದರು, ಮುಖ ಸಣ್ಣದಾಯಿತು. ಮರುಕ್ಷಣ ನನ್ನ ತೋಳು ಹಿಡಿದರು.

"ಮೇಷ್ಟ್ರೇ, ನಿಮ್ದು ಅರ್ಧ ನಿಮಿಷ ಹಿಂದಲ್ವಾ? ಅಲ್ಲಿ ಆ ಬಾಲ್ ಇನ್ನೂ ಹಾಕಿಲ್ಲ. ಓಡಿ."

ಓಡಿದೆವು. ದಪ್ಪ ಹನಿಗಳು ಬೀಳತೊಡಗಿದ್ದವು. ಜೊಹರಕ್ಕ ಬರಿಗಾಲಲ್ಲಿ, ನಾನು ಪಂಚೆ ಎತ್ತಿ ಹಿಡಿದುಕೊಂಡು, ಹಿಂದೆ ಇಡೀ ಓಣಿ. ಒಳಗೆ ನುಗ್ಗಿದಾಗ ನಮ್ಮ ಪರದೆಯ ಮೇಲೆ ಅದೇ ಬೌಲರ್ ಇನ್ನೂ ತನ್ನ ಗುರುತಿನ ಕಡೆಗೆ ನಡೆದು ಹೋಗುತ್ತಿದ್ದ. ಎಲ್ಲೋ ಆಗಲೇ ಮುಗಿದುಹೋಗಿದ್ದ ಚೆಂಡು ನಮಗೋಸ್ಕರ ಕಾದಿತ್ತು. ಯಾರೂ ಕೂರಲಿಲ್ಲ. ಬ್ಯಾಟ್ ಬೀಸಿತು, ಚೆಂಡು ಗೆರೆ ದಾಟಿತು. ಯಾರನ್ನು ಅಪ್ಪಿಕೊಂಡೆನೋ ತಿಳಿಯಲಿಲ್ಲ. ಇಬ್ರಾಹಿಮಣ್ಣನ ಗಡ್ಡ ಕೆನ್ನೆಗೆ ಚುಚ್ಚಿದಾಗಲೇ ಗೊತ್ತಾದದ್ದು.

ಎಲ್ಲರೂ ಹೋದ ಮೇಲೂ ಅವರು ಕೂತಿದ್ದರು. ಡಿಶ್ ಇಳಿಸಲು ನಿಮ್ಮನ್ನೇ ಕರೆಯಬಾರದಿತ್ತು ಎಂದೆ. ಅವರು ಗೋಡೆಯ ಮೇಲಿನ ಫೈಬರ್ ಪೆಟ್ಟಿಗೆಯನ್ನು ನೋಡುತ್ತ, ಅಷ್ಟು ಸಣ್ಣ ಎಳೆ ಕಂಬದಿಂದ ಒಳಗೆ ಹೇಗೆ ಬರುತ್ತದೆಂದು ಕೇಳಿದರು. ಮರುದಿನ ಕಂಟ್ರಾಕ್ಟರಿಗೆ ಫೋನ್ ಮಾಡಿದರು.

ಈಗ ನಮ್ಮ ಭಾಗದಲ್ಲಿ ಫೈಬರ್ ಎಳೆಯುವವರು ಅವರೇ. ಹಳೆಯದನ್ನು ತೆಗೆಯಬೇಕೇ ಎಂದು ಯಾರಾದರೂ ಕೇಳಿದರೆ, ಇರಲಿ ಬಿಡಿ ಎನ್ನುತ್ತಾರೆ. ಮುಂದಿನ ಕಾಲದ ಬಗ್ಗೆ ನಾನು ಭಾಷಣ ಬಿಟ್ಟಿದ್ದೇನೆ. ನಾಳೆ ಇನ್ನೊಂದು ಫೈನಲ್. ಎರಡೂ ಟಿವಿಗಳನ್ನು ಅಕ್ಕಪಕ್ಕ ಇಡುವುದೆಂದು ತೀರ್ಮಾನವಾಗಿದೆ. ಯಾರ ಜಗುಲಿಯಲ್ಲಿ ಎಂಬುದಕ್ಕೆ ಬೆಳಿಗ್ಗೆಯಿಂದ ಜಗಳ. ಜೊಹರಕ್ಕ ಆಗಲೇ ತಮ್ಮ ಜಗುಲಿ ಗುಡಿಸಿಬಿಟ್ಟಿದ್ದಾರೆ, ಇಬ್ರಾಹಿಮಣ್ಣ ಓಣಿಗೆ ಅಡ್ಡವಾಗಿ ವೈರನ್ನೂ ಎಳೆದಿದ್ದಾರೆ. ಅಗೋ, ನಮ್ಮ ಟಿವಿಯ ಒಂದು ತುದಿ ಹಿಡಿಯಲು ಬರುತ್ತಿದ್ದಾರೆ. ಇನ್ನೊಂದು ತುದಿ ನಾನು ಹಿಡಿಯಬೇಕು, ಏಳುತ್ತೇನೆ.