ಹಾಳು ಗುಡಿಗಳ ದಾರಿಯಲ್ಲಿ ಮಾತೆಯ ಉಡಿ

ಬೆಟಗೇರಿಯಿಂದ ಮುಂಡರಗಿಗೆ ನೆಟ್ಟಗೆ ರಸ್ತೆಯಿದೆ. ಆದರೆ ನನ್ನ ಸೋದರಮಾವ ಸ್ಟೇರಿಂಗ್ ಹಿಡಿದರೆ ಆ ದಾರಿಯಲ್ಲಿ ಲಕ್ಷ್ಮೇಶ್ವರ ಬರುತ್ತದೆ, ಶಿರಹಟ್ಟಿ ಬರುತ್ತದೆ, ಪೆಟ್ರೋಲ್ ಇದ್ದರೆ ಹಂಪಿಯೂ ಬರಬಹುದು. ಮಾವ ಇತಿಹಾಸ ಕಲಿಸಿ ನಿವೃತ್ತನಾದ ಮಾಸ್ತರ. ಚರ್ಚಿನ ಭಾನುವಾರದ ಪೂಜೆಯಲ್ಲಿ ಗೋಡೆಗೊರಗಿ ತೂಕಡಿಸುವ ಈ ಮನುಷ್ಯ ಒಡೆದ ಕಲ್ಲು ಕಂಡರೆ ಮಾತ್ರ ಭಕ್ತನಾಗುತ್ತಾನೆ. ಕಾರು ಅವನದು. ಹಾಗಾಗಿ ತೀರ್ಥಯಾತ್ರೆಯೂ ಅವನದೇ.

ನಾವು ಹೋಗಬೇಕಾಗಿದ್ದುದು ಮುಂಡರಗಿ ಆಚೆಯ ಗುಡ್ಡದ ಮೇಲಿನ, ಯೇಸುವಿನ ತಾಯಿ ಮರಿಯಮ್ಮನ ಗವಿಗೆ. ನನ್ನ ಮಗಳು ದಿನ ತುಂಬುವ ಮೊದಲೇ ಹುಟ್ಟಿ ಆಸ್ಪತ್ರೆಯ ಗಾಜಿನ ಪೆಟ್ಟಿಗೆಯಲ್ಲಿ ಮಲಗಿದ್ದಾಗ ಅವ್ವ ಹರಕೆ ಹೊತ್ತಿದ್ದಳು. ಕೂಸು ಉಳಿದರೆ ನನ್ನ ಕೈಯಾರೆ ನಿನ್ನ ಉಡಿ ತುಂಬುತ್ತೇನೆ ಎಂದು. ಕೂಸು ಉಳಿಯಿತು. ಉಳಿದದ್ದಷ್ಟೇ ಅಲ್ಲ, ಈಗ ಹಿಂದಿನ ಸೀಟಿನಲ್ಲಿ ನನ್ನ ಕೂದಲು ಹಿಡಿದು ಜಗ್ಗುತ್ತಿತ್ತು. ಆದರೆ ಹರಕೆ ತೀರಿಸುವ ಮೊದಲೇ ಅಪ್ಪ ತೀರಿಕೊಂಡ.

ಇಲ್ಲಿ ನಮ್ಮ ಕಡೆಯ ಕ್ರೈಸ್ತರ ಬಗ್ಗೆ ಒಂದು ಮಾತು ಹೇಳಬೇಕು. ಹೆಣ್ಣುಮಕ್ಕಳ ಸೆರಗಿಗೆ ಖಣ, ಅಕ್ಕಿ, ಉತ್ತತ್ತಿ, ಕೊಬ್ಬರಿ ಬಟ್ಟಲು, ಹಸಿರು ಬಳೆ ಹಾಕಿ ಉಡಿ ತುಂಬುವುದನ್ನು ನಾವು ಜಪಮಾಲೆಯ ಜೊತೆಗೇ ಉಳಿಸಿಕೊಂಡು ಬಂದಿದ್ದೇವೆ. ಚಂದದ ಪದ್ಧತಿ. ಅದರ ಜೊತೆಗೆ, ಗಂಡ ಸತ್ತವಳು ಉಡಿ ತುಂಬಬಾರದು ಅನ್ನುವುದನ್ನೂ ಜೋಪಾನವಾಗಿ ಇಟ್ಟುಕೊಂಡಿದ್ದೇವೆ. ಇದನ್ನು ಬೈಬಲಿನಲ್ಲಿ ಯಾರೂ ಬರೆದಿಲ್ಲ. ಆದರೆ ನನ್ನ ಸೋದರತ್ತೆ, ಅಂದರೆ ಅಪ್ಪನ ಅಕ್ಕ, ಹೇಳಿದ್ದಾಳೆ. ನಮ್ಮ ಮನೆಯಲ್ಲಿ ಅದರ ಮೇಲೆ ಅಪೀಲು ಇಲ್ಲ.

ಭಾನುವಾರ ಮಕ್ಕಳಿಗೆ ಧರ್ಮೋಪದೇಶ ಹೇಳಿಕೊಡುವ ಈ ಅತ್ತೆ ಅವತ್ತು ಕೈತುಂಬ ಹಸಿರು ಬಳೆ ಇಟ್ಟುಕೊಂಡು ಮುಂದಿನ ಸೀಟಿನಲ್ಲಿ ಕೂತಿದ್ದಳು.

"ನಾ ಮುತ್ತೈದಿ ಅದೀನಿ, ನಾ ತುಂಬತೀನಿ. ನೀ ಹಿಂದ ನಿಂತು ಕೈ ಮುಗಿ, ಅಷ್ಟ ಸಾಕು. ದೇವ್ರಿಗೆ ಎಲ್ಲಾ ತಿಳಿತೈತಿ," ಎಂದಳು ಅವ್ವನಿಗೆ.

"ಹೂಂರಿ ಅಕ್ಕಾರ," ಎಂದಳು ಅವ್ವ, ಉಡಿಯ ಸಾಮಾನು ಜೋಡಿಸಿದ ತಾಟನ್ನು ತೊಡೆಯ ಮೇಲೆ ಇನ್ನಷ್ಟು ಒತ್ತಿ ಹಿಡಿದು.

ನನಗೆ ಮೈಯೆಲ್ಲ ಉರಿಯಿತು. ದೇವರಿಗೆ ಎಲ್ಲ ತಿಳಿಯುವುದಾದರೆ ನಡುವೆ ಇವಳ ಬಳೆ ಯಾತಕ್ಕೆ ಬೇಕು?

ಮಾಗಡಿ ಕೆರೆಯ ಹತ್ತಿರ ಕಾರು ನಿಲ್ಲಿಸಿ ಮಾವ ಹಕ್ಕಿಗಳ ಊರು ಕೇರಿ ಹೇಳಿದ. ಲಕ್ಷ್ಮೇಶ್ವರದ ಹಳೇ ಗುಡಿಯಲ್ಲಿ ಪ್ರತಿ ಕಂಬದ ಮನೆತನ ಹೇಳಿದ. ಅತ್ತೆ ಅನ್ಯದೇವರ ಜಾಗವೆಂದು ಒಳಗೆ ಕಾಲಿಡಲಿಲ್ಲ, ಹೊರಗೆ ಕೂತು ಗಿರಮಿಟ್ಟು ತಿಂದಳು. ಅನ್ಯರ ದೇವರು ಬೇಡ, ಅನ್ಯರ ಕಟ್ಟಳೆ ಮಾತ್ರ ಬೇಕು. ಇಂಥ ಭಕ್ತಿಗೆ ಸ್ವರ್ಗದಲ್ಲಿ ಬೇರೆ ಕೋಣೆಯೇ ಇರಬೇಕು.

ಶಿರಹಟ್ಟಿ ದಾಟಿದ ಮೇಲೆ ಹೊಲದ ಬದುವಿನಲ್ಲಿ ಕುಸಿದು ಬಿದ್ದ ಗುಡಿಯೊಂದು ಕಂಡಿತು. ಕಂಡ ಮೇಲೆ ಮುಗಿಯಿತು, ಬ್ರೇಕು ಬಿತ್ತು. ಬೇವಿನ ಗಿಡದ ಕೆಳಗೆ ಒಂದು ಹೆಣ್ಣುಮೂರ್ತಿ. ಎರಡೂ ಕೈ ಮುರಿದಿದ್ದವು, ಮೂಗು ಹೋಗಿತ್ತು. ಆದರೂ ಯಾರೋ ಕುಂಕುಮ ಹಚ್ಚಿ, ಮುಂದೆ ಖಣ ಹಾಸಿ ಅಕ್ಕಿ ಹಾಕಿದ್ದರು.

"ಭಿನ್ನ ಆದ ಮೂರ್ತಿಗೆ ಪೂಜಿ ಇಲ್ಲ ಅಂತೈತಿ ಶಾಸ್ತ್ರ," ಎಂದ ಮಾವ. "ಆದ್ರ ನಮ್ಮ ಹೆಣ್ಮಕ್ಕಳು ಶಾಸ್ತ್ರ ಕೇಳಿ ಉಡಿ ತುಂಬತಾರೇನು?"

ಅವ್ವ ಆ ಮೂರ್ತಿಯ ಮುಂದೆ ಬಹಳ ಹೊತ್ತು ನಿಂತಳು. "ಕೈ ಇಲ್ಲ, ಮೂಗಿಲ್ಲ. ಆದ್ರೂ ತುಂಬ್ಯಾರ ನೋಡು," ಎಂದು ನನಗಷ್ಟೇ ಕೇಳುವಂತೆ ಹೇಳಿದಳು. ಕೂಸು ಚಪ್ಪಲಿ ಕಚ್ಚುತ್ತಿತ್ತು, ನಾನು ಅದನ್ನು ಕಸಿದುಕೊಳ್ಳುವುದರಲ್ಲಿದ್ದೆ.

ಗವಿ ಮುಟ್ಟುವಷ್ಟರಲ್ಲಿ ಬಿಸಿಲು ನೆತ್ತಿ ಸುಡುತ್ತಿತ್ತು. ಸಿಮೆಂಟಿನ ಗವಿಗೆ ನೀಲಿ ಬಣ್ಣ, ಮಾತೆಗೆ ಇಳಕಲ್ ಸೀರೆ, ತಲೆಯ ಸುತ್ತ ಮದುವೆ ಮನೆಯ ಮಿಣುಕು ಲೈಟು. ಕರಾವಳಿಯಿಂದ ಹೊಸದಾಗಿ ಬಂದ ಫಾದರ್ ನಮ್ಮ ತಾಟು ನೋಡಿ, ಅಡುಗೆಗೆ ತಂದಿರಾ ಎಂದು ಪ್ರೀತಿಯಿಂದ ಕೇಳಿ ಊಟಕ್ಕೆ ಹೋದರು.

ಅತ್ತೆ ಸೆರಗು ಸರಿಪಡಿಸಿಕೊಂಡು ಕೈ ಚಾಚಿದಳು. ಅವ್ವ ತಾಟು ಕೊಡಲಿಲ್ಲ.

"ಅಕ್ಕಾರ, ನೀವು ಹುಡುಗರಿಗೆ ಎಲ್ಲಾ ಹೇಳಿಕೊಡ್ತೀರಿ, ನಿಮಗ ಗೊತ್ತಿರತೈತಿ. ಯೇಸುಸ್ವಾಮಿನ್ನ ಶಿಲುಬಿಗೆ ಹಾಕಿದಾಗ ಈ ತಾಯಿ ಅಲ್ಲೆ ನಿಂತಿದ್ಳಲ್ರಿ. ಆಕಿ ಗಂಡ, ಜೋಸೆಫಪ್ಪ, ಎಲ್ಲಿದ್ರು?"

ಅತ್ತೆಗೆ ಧರ್ಮೋಪದೇಶದ ಪ್ರಶ್ನೆ ಕೇಳಿದರೆ ಸಾಕು, ಮುಂದೆ ಹೊಂಡವಿದ್ದರೂ ಕಾಣುವುದಿಲ್ಲ.

"ಅಯ್ಯ, ಅಷ್ಟೂ ಗೊತ್ತಿಲ್ಲೇನವಾ? ಅವರು ಅದಕಿಂತ ಮೊದಲ ತೀರಿಕೊಂಡಿದ್ರು."

"ಹಂಗಾರ ಈಕಿನೂ ನನ್ನಂಗನ," ಎಂದಳು ಅವ್ವ. "ಸರೀರಿ ಸ್ವಲ್ಪ."

ಮಾವ ಮೊದಲ ಸಲ ಕಲ್ಲು ಬಿಟ್ಟು ಜೀವಂತ ಮನುಷ್ಯರ ಕಡೆ ನೋಡಿದ. ಅವ್ವ ಮೇಲೆ ಹತ್ತಿ ಮಾತೆಯ ಸೆರಗಿಗೆ ಖಣ ಇಟ್ಟಳು, ಬಳೆ ಇಟ್ಟಳು, ಬೊಗಸೆಯಲ್ಲಿ ಅಕ್ಕಿ ಸುರಿದಳು. ಅರ್ಧ ಅಕ್ಕಿ ಕೆಳಗೆ ಬಿತ್ತು. ಆಮೇಲೆ ಹಳೇ ರೂಢಿಯಂತೆ ತನ್ನ ಸೆರಗನ್ನು ಮುಂದೆ ಒಡ್ಡಿದಳು. ಜೊತೆಗೆ ಬಂದವರು ಮಾತೆಯ ಉಡಿಯಿಂದ ಒಂದು ಹಿಡಿ ತೆಗೆದು ಉಡಿ ತುಂಬಿದವಳಿಗೆ ವಾಪಸು ಹಾಕುವುದು ಇಲ್ಲಿಯ ಪದ್ಧತಿ. ಮರುಕ್ಷಣ ತಾನು ಗಂಡ ಸತ್ತವಳೆಂಬುದು ನೆನಪಾಗಿ, ನಾಚಿಕೊಂಡು ಸೆರಗು ಮಡಚತೊಡಗಿದಳು.

ನನಗೆ ಅಳು ಬಂತು. ಕೂಸನ್ನು ಅತ್ತೆಯ ಕೈಗೆ ಕೊಟ್ಟು, ಮೇಲೆ ಹತ್ತಿ, ಮಾತೆಯ ಸೆರಗಿನಿಂದ ಒಂದು ಹಿಡಿ ಅಕ್ಕಿ ತೆಗೆದು ಅವ್ವನ ಸೆರಗಿಗೆ ಹಾಕಿದೆ. ಅಪ್ಪ ಹೋದ ಮೇಲೆ ಆ ಸೆರಗಿಗೆ ಯಾರೂ ಒಂದು ಕಾಳು ಹಾಕಿರಲಿಲ್ಲ. ನಾನೂ ಹಾಕಿರಲಿಲ್ಲ.

ಬರುವಾಗ ಡಂಬಳದಲ್ಲಿ ಮಾವ ಮತ್ತೆ ಕಾರು ನಿಲ್ಲಿಸಿದ. ನಕ್ಷತ್ರದ ಹಾಗೆ ಮೂಲೆಗಳಿರುವ ಗುಡಿಯಂತೆ, ನೋಡದೆ ಹೋದರೆ ಜನ್ಮ ವ್ಯರ್ಥವಂತೆ. ಅತ್ತೆ ಕೂಡ ಇಳಿದಳು. ಅವ್ವ ಇಳಿಯಲಿಲ್ಲ. ಅಕ್ಕಿಯನ್ನು ಸೆರಗಿನಲ್ಲಿ ಗಂಟು ಹಾಕಿ, ಅದರ ಮೇಲೆ ಎರಡೂ ಕೈ ಇಟ್ಟುಕೊಂಡು ಕೂತೇ ಇದ್ದಳು.